ರಿಟರ್ನ್ ತುಂಬುವವರು ಒಬ್ಬರು, ಉತ್ತರ ಕೊಡುವವರು ಇನ್ನೊಬ್ಬರು

ಕಳೆದ ವಾರ ವಾಣಿಜ್ಯ ತರಗತಿಯಲ್ಲಿ ‘ಹೊರಗುತ್ತಿಗೆ’ಗೆ ಒಂದು ಉದಾಹರಣೆ ಕೇಳಿದೆ. ಎಲ್ಲರೂ ಒಟ್ಟಿಗೆ ಬೆಂಗಳೂರಿನ ಕಾಲ್ ಸೆಂಟರ್ ಅಂದರು. ತಪ್ಪಲ್ಲ. ಆದರೆ ಉಮ್ಮತ್ತೂರಿನಿಂದ ಬಸ್ಸು ಹತ್ತಿ ಚಾಮರಾಜನಗರದ ಯಾವ ದೊಡ್ಡ ಅಂಗಡಿಗೆ ಹೋದರೂ ‘ಜಿಎಸ್‌ಟಿ ಎಲ್ಲಾ ನಮ್ಮ ಆಡಿಟರ್ ನೋಡ್ಕೊತಾರೆ’ ಎಂಬ ಮಾತು ಕೇಳುತ್ತೀರಲ್ಲ, ಅದೂ ಹೊರಗುತ್ತಿಗೆಯೇ. (ನಮ್ಮ ಕಡೆ ರಿಟರ್ನ್ ತುಂಬುವವರೆಲ್ಲ ‘ಆಡಿಟರ್’. ಲೆಕ್ಕ ಪರಿಶೋಧಿಸಿ ಸಹಿ ಹಾಕುವ ಚಾರ್ಟರ್ಡ್ ಅಕೌಂಟೆಂಟ್ ಬೇರೆ, ತೆರಿಗೆ ಸಲಹೆಗಾರ ಬೇರೆ. ಪರೀಕ್ಷೆಯಲ್ಲಿ ಎರಡನ್ನೂ ಒಂದೇ ಮಾಡಬೇಡಿ.)

ಪಾಠ ಮಾಡಲು ಬರುವ ಮೊದಲು ನಾನು ಒಂದು ಸಿಮೆಂಟ್–ಕಬ್ಬಿಣದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಪುಸ್ತಕದಲ್ಲಿ ‘ಹಣಕಾಸು ವಿಭಾಗ’ ಎಂದು ಓದುತ್ತೀರಲ್ಲ, ಅಲ್ಲಿ ಆ ವಿಭಾಗ ಎಂದರೆ ನಾನೊಬ್ಬನೇ. ಬಿಲ್ ಹಾಕುವುದು, ಲಾರಿಗೆ ಇ–ವೇ ಬಿಲ್ ತೆಗೆಯುವುದು, ಬ್ಯಾಂಕಿಗೆ ಓಡುವುದು, ಸಾಲ ಉಳಿಸಿಕೊಂಡವರಿಗೆ ಫೋನ್ ಮಾಡುವುದು. ಇದರ ನಡುವೆ ತಾರೀಖುಗಳು: 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಮಾರಾಟದ ವಿವರವಿರುವ ಜಿಎಸ್‌ಟಿಆರ್–1, 15ಕ್ಕೆ ಕೆಲಸಗಾರರ ಪಿಎಫ್, ಇಎಸ್‌ಐ, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್–3ಬಿ. ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ ಈ ಎರಡು ಜಿಎಸ್‌ಟಿ ರಿಟರ್ನ್‌ಗಳು ಪ್ರತಿ ತಿಂಗಳೂ ತಪ್ಪಿದ್ದಲ್ಲ. ನಮ್ಮ ಯಜಮಾನರು ಈ ಭಾರವನ್ನು ಒಬ್ಬ ತೆರಿಗೆ ಸಲಹೆಗಾರರಿಗೆ ಒಪ್ಪಿಸಿದ್ದರು. ಸರಿಯಾದ ನಿರ್ಧಾರವೇ. ನನ್ನೊಬ್ಬನಿಂದ ಅದು ಆಗುತ್ತಿರಲಿಲ್ಲ.

2022ರಲ್ಲಿ ಒಂದು ತಿಂಗಳು ನಾನು ಬಿಲ್ಲುಗಳ ಕಟ್ಟು ಕೊಟ್ಟದ್ದೇ 10ನೇ ತಾರೀಖು ಸಾಯಂಕಾಲ. ಅವರ ಮೇಜಿನ ಮೇಲೆ ಆಗಲೇ ಇನ್ನೂ ಎಷ್ಟೋ ಅಂಗಡಿಗಳ ಕಟ್ಟುಗಳಿದ್ದವು. ನಮ್ಮ ಜಿಎಸ್‌ಟಿಆರ್–1 ಸಲ್ಲಿಕೆಯಾದದ್ದು 16ಕ್ಕೆ. ಐದು ದಿನ ತಾನೇ ಅಂದುಕೊಂಡೆ.

ವಾರ ಕಳೆಯುವಷ್ಟರಲ್ಲಿ ಕಬ್ಬಿಣ ಕೊಂಡಿದ್ದ ಗುತ್ತಿಗೆದಾರರು 36,000 ರೂಪಾಯಿ ಹಿಡಿದುಕೊಂಡು ಉಳಿದ ಹಣ ಕೊಟ್ಟರು. ಬಿಲ್ಲು 2,00,000, ಅದರ ಮೇಲೆ ಶೇ. 18 ತೆರಿಗೆ 36,000. ಕೊಂಡವರು ನಮಗೆ ಕೊಡುವ ಈ ತೆರಿಗೆಯನ್ನು ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅದೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ಆದರೆ 2022ರ ಜನವರಿ 1ರಿಂದ ಒಂದು ಷರತ್ತು ಜಾರಿಗೆ ಬಂದಿದೆ: ಮಾರಿದವನು ಆ ಬಿಲ್ಲನ್ನು ತನ್ನ ರಿಟರ್ನ್‌ನಲ್ಲಿ ತೋರಿಸಿ, ಅದು ಕೊಂಡವನ ಜಿಎಸ್‌ಟಿಆರ್–2ಬಿ ಪಟ್ಟಿಗೆ ಬಂದಿರಬೇಕು. ಆ ಪಟ್ಟಿ ತಯಾರಾಗುವುದು 14ನೇ ತಾರೀಖು. ನಮ್ಮದು 16ಕ್ಕೆ ಹೋಗಿತ್ತು. ‘ನಿಮ್ಮ ಬಿಲ್ಲು ಬಂದಿಲ್ಲ ಸ್ವಾಮಿ, ಬಂದ ಮೇಲೆ ಕೊಡ್ತೀನಿ’ ಎಂದರು ಆ ಗುತ್ತಿಗೆದಾರರು. ನ್ಯಾಯವಾದ ಮಾತೇ.

ಯಜಮಾನರು ಸಲಹೆಗಾರರಿಗೆ ಫೋನ್ ಮಾಡಿ ಕೂಗಾಡಿದರು. ‘ನಿಮ್ಮ ಹುಡುಗ ಬಿಲ್ ತಂದುಕೊಟ್ಟದ್ದು ಯಾವಾಗ ಕೇಳಿ’ ಎಂದು ಅವರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಆಗ ಇನ್ನೊಂದು ಸಂಗತಿ ಹೊರಬಿತ್ತು: ಜಿಎಸ್‌ಟಿ ಪೋರ್ಟಲ್‌ನಲ್ಲಿ ನಮ್ಮ ಅಂಗಡಿಯ ಹೆಸರಿನ ಮುಂದೆ ಇದ್ದ ಮೊಬೈಲ್ ನಂಬರೂ ಇಮೇಲೂ ಸಲಹೆಗಾರರವು. ಇಲಾಖೆಯ ಸಂದೇಶವಾಗಲಿ ಒಟಿಪಿಯಾಗಲಿ ಅಂಗಡಿಗೆ ಬರುತ್ತಲೇ ಇರಲಿಲ್ಲ. ಹಿಂದೊಮ್ಮೆ ತಡವಾಗಿದ್ದಕ್ಕೆ ತಡ ಶುಲ್ಕ ಬಿದ್ದದ್ದೂ ನಮಗೆ ಅಂದೇ ಗೊತ್ತಾದದ್ದು. 3ಬಿ ಒಂದು ದಿನ ತಡವಾದರೆ 50 ರೂಪಾಯಿ, ವ್ಯಾಪಾರವೇ ಇಲ್ಲದ ತಿಂಗಳಾದರೂ ದಿನಕ್ಕೆ 20. ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ ಬೇರೆ.

ಜಿಎಸ್‌ಟಿ ಕಾಯ್ದೆಯ 48ನೇ ಸೆಕ್ಷನ್ ತೆರಿಗೆ ವೃತ್ತಿಗಾರನ ಕೈಯಲ್ಲಿ ರಿಟರ್ನ್ ತುಂಬಿಸಲು ಒಪ್ಪುತ್ತದೆ. ಅದೇ ಸೆಕ್ಷನ್ನು, ತುಂಬಿದ ವಿವರ ಸರಿಯಾಗಿರುವ ಹೊಣೆ ನೋಂದಾಯಿತ ವ್ಯಾಪಾರಿಯದೇ ಎಂದೂ ಹೇಳುತ್ತದೆ. ದಂಡ, ಬಡ್ಡಿ, ನೋಟಿಸು ಎಲ್ಲವೂ ಅಂಗಡಿಯ ಹೆಸರಿಗೆ.

ನಾವು ಸಲಹೆಗಾರರನ್ನು ಬಿಡಲಿಲ್ಲ, ಕೆಲಸದ ರೀತಿ ಬದಲಿಸಿದೆವು. ಪೋರ್ಟಲ್‌ಗೆ ಯಜಮಾನರ ನಂಬರ್ ಹಾಕಿಸಿದೆವು. ಬಿಲ್ಲುಗಳು ವಾರಕ್ಕೊಮ್ಮೆ ಹೋಗತೊಡಗಿದವು, ಕೊನೆಯ ಕಟ್ಟು 3ನೇ ತಾರೀಖಿನೊಳಗೆ. ಸಲ್ಲಿಸುವ ಮೊದಲು ಕರಡು ಅಂಗಡಿಗೆ ಬರುತ್ತಿತ್ತು. ನಾನು ನಮ್ಮ ಮಾರಾಟ ಪುಸ್ತಕದ ಮೊತ್ತದ ಜೊತೆ ತಾಳೆ ನೋಡಿ ಹೂಂ ಅಂದ ಮೇಲೆಯೇ ಯಜಮಾನರು ಒಟಿಪಿ ಕೊಡುತ್ತಿದ್ದರು. ಖರೀದಿ ಪುಸ್ತಕವನ್ನು 2ಬಿ ಜೊತೆ ಹೋಲಿಸುವುದು ನನ್ನ ಪಾಲಿಗೆ ಬಂತು. ನಿಜ ಹೇಳಬೇಕೆಂದರೆ, ನಾನು ತೆರಿಗೆ ಕಲಿತದ್ದು ಆ ಹೋಲಿಕೆಯಲ್ಲಿ, ಪದವಿಯಲ್ಲಲ್ಲ.

2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದು ನಿಮಗೆ ನೆನಪಿರಬಹುದು. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ತಾಜಾ ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರುವವರೂ ಗಾಬರಿಯಾಗಿ ಸಲಹೆಗಾರರ ಬಳಿ ಓಡಿದರು. ಏನು ಮಾರಿದ್ದೆವು ಎಂಬುದಕ್ಕೆ ಚೀಟಿಯನ್ನೇ ಇಡದಿದ್ದರೆ ಎಂಥ ಸಲಹೆಗಾರನಾದರೂ ಏನು ಬರೆದಾನು?

ಒಂದು ಮಾತು ಬಿ.ಕಾಂ. ಓದಬೇಕೆನ್ನುವವರಿಗೆ. ಆ ಪದವಿ ಮುಗಿಸಿದವರು ಜಿಎಸ್‌ಟಿ ವೃತ್ತಿಗಾರರಾಗಿ ಹೆಸರು ನೋಂದಾಯಿಸಬಹುದು. ಅದಕ್ಕೊಂದು ಪರೀಕ್ಷೆಯೂ ಇದೆ. ನಮ್ಮೂರಿನ ಕಡೆಯ ಅಂಗಡಿಗಳಿಗೆ ಅಂಥವರು ಬೇಕಾಗಿದ್ದಾರೆ.

ಮುಂದಿನ ತರಗತಿಗೆ ಪ್ರತಿಯೊಬ್ಬರೂ ಮನೆಯಲ್ಲಿರುವ ಒಂದು ಜಿಎಸ್‌ಟಿ ಬಿಲ್ ತನ್ನಿ. ಅದರಲ್ಲಿ 15 ಅಕ್ಷರ–ಅಂಕಿಗಳ ನೋಂದಣಿ ಸಂಖ್ಯೆ ಇರುತ್ತದೆ, ಕರ್ನಾಟಕದ್ದಾದರೆ ಮೊದಲು 29. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಆ ಸಂಖ್ಯೆ ಹಾಕಿದರೆ, ಆ ಅಂಗಡಿ ಯಾವ ರಿಟರ್ನ್ ಯಾವ ದಿನ ಸಲ್ಲಿಸಿದೆ ಎಂದು ಕಾಣುತ್ತದೆ. ಕಂಪ್ಯೂಟರ್ ಲ್ಯಾಬ್‌ನಲ್ಲಿ ಒಟ್ಟಿಗೆ ನೋಡೋಣ. ಅಂಗಡಿಯ ಹೆಸರಿನ ಮೇಲೆ ಒಂದು ಚೀಟಿ ಅಂಟಿಸಿಕೊಂಡು ಬನ್ನಿ, ನಮಗೆ ಬೇಕಿರುವುದು ತಾರೀಖು ಮಾತ್ರ.