ಗಣಿ ಮುಚ್ಚಿದ ನಂತರದ ಬಂಗಾರಪೇಟೆ ಸೀಮೆ: ನೆಲ, ಜನ, ವ್ಯಾಪಾರ

ಬಂಗಾರಪೇಟೆಯ ಹೆಸರಿನಲ್ಲಿ ಬಂಗಾರವಿದೆ. ಅದಿರು ಇದ್ದದ್ದು ಪೂರ್ವಕ್ಕಿರುವ ಕೆ.ಜಿ.ಎಫ್.ನಲ್ಲಿ. ಮೈಸೂರಿನ ಕಮಿಷನರ್ ಎಲ್.ಬಿ. ಬೌರಿಂಗ್ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿದ್ದ ಊರು ಮದರಾಸು–ಬೆಂಗಳೂರು ರೈಲುಮಾರ್ಗದ ಜಂಕ್ಷನ್ನಾಗಿ ಬೆಳೆಯಿತು.

ಬಂಡೆಗುಡ್ಡಗಳ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ; ಬೇಸಾಯವು ಕೆರೆ, ಕೊಳವೆಬಾವಿಗಳನ್ನು ನೆಚ್ಚಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಾರಿಕೆಗೆ ಇಳಿದಾಗ ಇಲ್ಲಿಯದೆಂದು ಹೇಳಬಹುದಾಗಿದ್ದುದು ಅದಿರೊಂದೇ. ಬಂಡವಾಳ ಲಂಡನ್ನಿನದು, ಕಾರ್ಮಿಕರಲ್ಲಿ ಬಹುಪಾಲು ತಮಿಳು ಜಿಲ್ಲೆಗಳವರು, ನೀರು ಬೇತಮಂಗಲದ ಕೆರೆಯದು, 1902ರಿಂದ ವಿದ್ಯುತ್ತು ದೂರದ ಶಿವನಸಮುದ್ರದ್ದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆಳ ಹೆಚ್ಚಿದಂತೆ ವೆಚ್ಚ ಏರಿತು, ಅದಿರಿನ ಸತ್ವ ಇಳಿಯಿತು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿತು.

ಆದರೆ ಊರು ಬರಿದಾಗಲಿಲ್ಲ. 2011ರ ಜನಗಣತಿಯಲ್ಲಿ ಕೆ.ಜಿ.ಎಫ್. ನಗರದ ಜನಸಂಖ್ಯೆ ಸುಮಾರು 1.62 ಲಕ್ಷ, ಬಂಗಾರಪೇಟೆ ಪಟ್ಟಣದ್ದು ಸುಮಾರು 45 ಸಾವಿರ. ವರ್ತಕರು ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಸಂಸ್ಥೆಯ ಕಾರ್ಖಾನೆಯನ್ನು ಬಿಟ್ಟರೆ ಸ್ಥಳೀಯವಾಗಿ ದೊಡ್ಡ ಉದ್ಯೋಗದಾತರು ವಿರಳ. ಸಾವಿರಾರು ಮಂದಿ ಮಾರಿಕುಪ್ಪಂನಿಂದ ಹೊರಡುವ ಮುಂಜಾನೆಯ ರೈಲುಗಳಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ವಾಸ ಇಲ್ಲಿ, ಗಳಿಕೆ ಅಲ್ಲಿ; ಖರೀದಿಯ ಒಂದು ಪಾಲೂ ಅಲ್ಲಿಯೇ ಮುಗಿಯುತ್ತದೆ. ತಲೆ ಎಣಿಸಿ ಸರಕು ತರಿಸುವ ಅಂಗಡಿಯವರಿಗೆ ಈ ಸೋರಿಕೆ ವರ್ಷಾಂತ್ಯದ ದಾಸ್ತಾನಿನಲ್ಲಿ ಕಾಣಿಸುತ್ತದೆ. ಜಂಕ್ಷನ್ ಇರುವ ಬಂಗಾರಪೇಟೆಗೆ ಸುತ್ತಲಿನ ಹಳ್ಳಿಗಳ ತರಕಾರಿ, ಹಾಲು, ರೇಷ್ಮೆಯ ಆಸರೆಯಾದರೂ ಇದೆ.