ಸೀಬೆಹಣ್ಣಿನ ಜಾಮ್: ಮನೆಯಲ್ಲಿಯೇ ತಯಾರಿಸುವ ಕ್ರಮ

ನಮ್ಮ ಗ್ರಾಮಗಳಲ್ಲಿ ಹಿತ್ತಲಿಗೊಂದು ಸೀಬೆಯ ಮರವಿರುವುದು ಸಾಮಾನ್ಯ. ಇದನ್ನು ಕೆಲವೆಡೆ ಪೇರಲವೆಂತಲೂ, ಕೆಲವೆಡೆ ಚೇಪೆಯೆಂತಲೂ ಕರೆಯುವುದುಂಟು. ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಮರವು ಹಣ್ಣಿನಿಂದ ತುಂಬುತ್ತದೆ. ಹಣ್ಣುಗಳು ಒಟ್ಟಿಗೇ ಮಾಗುವುದರಿಂದ, ಮನೆಯವರು ತಿಂದು, ನೆರೆಯವರಿಗೆ ಹಂಚಿ, ಸಂತೆಗೆ ಒಯ್ದ ಮೇಲೂ ಒಂದಷ್ಟು ಉಳಿದು ಗಿಳಿ ಅಳಿಲುಗಳ ಪಾಲಾಗುತ್ತವೆ, ಇಲ್ಲವೆ ಕೊಳೆತು ಹೋಗುತ್ತವೆ. ಹೀಗೆ ವ್ಯರ್ಥವಾಗುವ ಹಣ್ಣನ್ನು ಕೆಲವು ತಿಂಗಳ ಕಾಲ ಕೆಡದಂತೆ ಇರಿಸಿಕೊಳ್ಳುವ ಸುಲಭ ವಿಧಾನವೇ ಜಾಮ್ ತಯಾರಿಕೆ. ಇದನ್ನು ಪತಿ ಪತ್ನಿಯರಿಬ್ಬರೂ ಕೂಡಿ ಮಾಡಿದರೆ ಒಂದು ಮಧ್ಯಾಹ್ನದ ಕೆಲಸವಷ್ಟೆ.

ಮೊದಲು ಹಣ್ಣು, ಅನಂತರ ಜಾಮ್

ಒಮ್ಮೆ ಏಳು ತಿಂಗಳ ಗರ್ಭಿಣಿಯೊಬ್ಬರು ಪತಿಯೊಡನೆ ಪರೀಕ್ಷೆಗೆಂದು ನನ್ನ ಬಳಿಗೆ ಬಂದಿದ್ದರು. ಅವರ ರಕ್ತದಲ್ಲಿ ಹಿಮೋಗ್ಲೋಬಿನ್ 8 ಗ್ರಾಂ ಮಾತ್ರ ಇದ್ದಿತು. ಗರ್ಭಿಣಿಯರಲ್ಲಿ ಇದು 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಭಾವಿಸತಕ್ಕದ್ದು. ಅವರ ತೋಟದಲ್ಲಿ ಸೀಬೆಯ ಮರಗಳಿದ್ದವು. "ದಿನವೂ ಹಣ್ಣು ತಿನ್ನುತ್ತೀರಾ?" ಎಂದು ಕೇಳಿದಾಗ ಆಕೆ ಉತ್ತರಿಸದೆ ಪತಿಯ ಮುಖವನ್ನು ನೋಡಿದರು. ಒಳ್ಳೆಯ ಹಣ್ಣೆಲ್ಲವೂ ಸಂತೆಗೆ ಹೋಗುತ್ತಿದ್ದವು. ಆ ಹಣದಲ್ಲಿ ಬಿಸ್ಕತ್ತು ಮತ್ತು ಅಂಗಡಿಯ ಜಾಮ್ ಮನೆಗೆ ಬರುತ್ತಿದ್ದವು. ಪತಿಯು ಅಕ್ಕರೆಯಿಲ್ಲದವರಲ್ಲ, ಈ ವಿಷಯವನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ, ಅಷ್ಟೆ. ಮುಂದಿನ ಭೇಟಿಯಲ್ಲಿ, ಕಬ್ಬಿಣಾಂಶದ ಮಾತ್ರೆಯೊಡನೆ ದಿನಕ್ಕೊಂದು ಹಣ್ಣನ್ನು ತಾವೇ ಕೊಯ್ದು ಕೊಡುತ್ತಿರುವುದಾಗಿ ಅವರೇ ಹೇಳಿದರು.

100 ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ 'ಸಿ' ಜೀವಸತ್ವವಿರುತ್ತದೆ. ವಯಸ್ಕರೊಬ್ಬರಿಗೆ ಒಂದು ದಿನಕ್ಕೆ ಬೇಕಾದುದಕ್ಕಿಂತ ಇದು ಹೆಚ್ಚೇ ಆಯಿತು. ರಾಗಿ, ಸೊಪ್ಪು, ಬೇಳೆಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ಈ ಜೀವಸತ್ವವು ನೆರವಾಗುತ್ತದೆ. ಆದರೆ ಕುದಿಸಿದಾಗ ಇದರ ಹೆಚ್ಚಿನ ಭಾಗ ನಾಶವಾಗುತ್ತದೆ. ಆದುದರಿಂದ ತಾಜಾ ಹಣ್ಣು ಮೊದಲು ಗರ್ಭಿಣಿಗೆ, ಬಾಣಂತಿಗೆ ಮತ್ತು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಲ್ಲಬೇಕು. ಉಳಿದ ಹಣ್ಣಿನಿಂದ ಮಾತ್ರ ಜಾಮ್ ಮಾಡಬೇಕು.

ಜಾಮ್ ಕೆಡದಿರಲು ಕಾರಣ

ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳು ಬೆಳೆಯಲು ನೀರು ಬೇಕು. ಸರಿಯಾಗಿ ತಯಾರಿಸಿದ ಜಾಮ್‌ನ 100 ಭಾಗದಲ್ಲಿ 65 ಭಾಗಕ್ಕಿಂತ ಹೆಚ್ಚು ಸಕ್ಕರೆ ಮುಂತಾದ ಕರಗಿದ ಘನಾಂಶವಿರುವುದರಿಂದ ಅವುಗಳಿಗೆ ನೀರು ದೊರೆಯುವುದಿಲ್ಲ. ಹುಳಿಯೂ ಅವುಗಳನ್ನು ತಡೆಯುತ್ತದೆ. ಉಳಿತಾಯವೆಂದು ಸಕ್ಕರೆಯನ್ನು ಕಡಿಮೆ ಮಾಡಿದರೆ ಜಾಮ್ ಬೇಗನೆ ಕೆಡುವುದು. ಜಾಮ್ ಗಟ್ಟಿಯಾಗುವುದು ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಶದಿಂದ. ಸೀಬೆಯಲ್ಲಿ ಇದು ಹೇರಳವಾಗಿದೆ. ಮಹಾಬಳೇಶ್ವರದ ಕಡೆ ಬೆಳೆಯುವ ಸ್ಟ್ರಾಬೆರಿಯಲ್ಲಿ ಪೆಕ್ಟಿನ್ ಕಡಿಮೆಯಿರುವುದರಿಂದ ಅದಕ್ಕೆ ನಿಂಬೆರಸ ಹೆಚ್ಚು ಬೇಕಾಗುತ್ತದೆ.

ಬೇಕಾಗುವ ಸಾಮಗ್ರಿಗಳು

ಸೀಬೆಹಣ್ಣು: ಸುಮಾರು ಒಂದೂವರೆ ಕಿಲೋ (ಸೋಸಿದ ತಿರುಳು 1 ಕಿಲೋ ಆಗುವಷ್ಟು)
ಸಕ್ಕರೆ: 750 ಗ್ರಾಂ
ನಿಂಬೆಹಣ್ಣು: 2

ಹಣ್ಣು ಮಾಗಿರಬೇಕು, ಆದರೆ ಗಟ್ಟಿಯಾಗಿರಬೇಕು. ಹುಳು ಹಿಡಿದ, ಕೊಳೆತ ಹಣ್ಣು ಬೇಡ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಮೃದುಲಾ' ತಳಿಯ ಬೀಜಗಳು ಮೃದುವಾಗಿರುವುದರಿಂದ ಅದು ಈ ಕೆಲಸಕ್ಕೆ ಅನುಕೂಲಕರ.

ತಯಾರಿಸುವ ವಿಧಾನ

1. ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಿ. ಗಾಜಿನ ಶೀಶೆಗಳನ್ನು ತೊಳೆದು, ತಣ್ಣೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟು, ಕುದಿ ಬಂದ ಮೇಲೆ 10 ನಿಮಿಷ ಕುದಿಸಿ. ಅನಂತರ ಶುಭ್ರವಾದ ಬಟ್ಟೆಯ ಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಿ.

2. ಹಣ್ಣನ್ನು ತೊಳೆದು ಹೆಚ್ಚಿ, ಮುಳುಗುವುದಕ್ಕಿಂತ ತುಸು ಕಡಿಮೆ ನೀರು ಹಾಕಿ ಮೆತ್ತಗಾಗುವವರೆಗೆ ಬೇಯಿಸಿ. ಬಳಿಕ ಜರಡಿಯಲ್ಲಿ ಉಜ್ಜಿ ಬೀಜ ಸಿಪ್ಪೆಗಳನ್ನು ಬೇರ್ಪಡಿಸಿ, ತಿರುಳನ್ನು ತೂಕ ಮಾಡಿ.

3. ತಿರುಳಿಗೆ ಸಕ್ಕರೆ ಬೆರೆಸಿ, ಅಗಲವಾದ ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಬೇಯಿಸಿ. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಬಳಸಲೇಕೂಡದು. ಹುಳಿಗೆ ತಾಮ್ರವು ಬಿಟ್ಟುಕೊಂಡು ವಾಂತಿ, ಹೊಟ್ಟೆನೋವು ಬರಬಹುದು.

4. ತಳ ಹತ್ತದಂತೆ ಉದ್ದ ಹಿಡಿಯ ಸೌಟಿನಿಂದ ತಿರುವುತ್ತಿರಿ. ಮಿಶ್ರಣವು ಗಟ್ಟಿಯಾಗತೊಡಗಿದಾಗ ನಿಂಬೆರಸವನ್ನು ಸೇರಿಸಿ.

5. ಹದ ನೋಡಲು ಒಂದು ಲೋಟ ತಣ್ಣೀರಿಗೆ ಒಂದು ಹನಿ ಬಿಡಿ. ಅದು ಕರಗಿ ಹರಡದೆ ತಳಕ್ಕೆ ಇಳಿದರೆ ಜಾಮ್ ಸಿದ್ಧವಾಯಿತೆಂದು ತಿಳಿಯಿರಿ. ತಕ್ಕಡಿಯಿದ್ದರೆ ಇನ್ನೊಂದು ಪರೀಕ್ಷೆಯುಂಟು: ಜಾಮ್‌ನ ತೂಕವು ಹಾಕಿದ ಸಕ್ಕರೆಯ ಒಂದೂವರೆಯಷ್ಟು, ಅಂದರೆ ಇಲ್ಲಿ ಸುಮಾರು 1 ಕಿಲೋ 125 ಗ್ರಾಂ ಇರಬೇಕು.

6. ಶೀಶೆಗಳನ್ನು ತುಸು ಬೆಚ್ಚಗೆ ಮಾಡಿ, ಮಣೆಯ ಮೇಲಿಟ್ಟು, ಬಿಸಿ ಇರುವಾಗಲೇ ಜಾಮ್ ತುಂಬಿ ಮುಚ್ಚಳ ಬಿಗಿಯಿರಿ. ತಂಪಾದ, ಕತ್ತಲಿರುವ ಜಾಗದಲ್ಲಿಡಿ.

ಎಚ್ಚರಿಕೆಗಳು

ಕುದಿಯುವ ಜಾಮ್ ಕುದಿಯುವ ನೀರಿಗಿಂತಲೂ ಬಿಸಿ. ಚರ್ಮಕ್ಕೆ ಅಂಟಿಕೊಂಡು ಆಳವಾದ ಸುಟ್ಟ ಗಾಯವನ್ನು ಮಾಡುತ್ತದೆ. ಒಬ್ಬರು ಒಲೆಯ ಬಳಿ ಇರುವಾಗ ಇನ್ನೊಬ್ಬರು ಮಕ್ಕಳನ್ನು ದೂರ ಇರಿಸಿಕೊಳ್ಳತಕ್ಕದ್ದು. ಸುಟ್ಟರೆ ಕೂಡಲೇ 20 ನಿಮಿಷ ತಣ್ಣೀರು ಸುರಿಯಿರಿ. ಶಾಯಿ, ಬೆಣ್ಣೆ, ಹಲ್ಲುಪುಡಿ ಹಚ್ಚಬೇಡಿ. ಬೊಬ್ಬೆ ಎದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ.

ಜಾಮ್ ತೆಗೆಯಲು ಒಣಗಿದ ಶುಚಿಯಾದ ಚಮಚವನ್ನೇ ಉಪಯೋಗಿಸಿ. ಮೇಲೆ ಬೂಷ್ಟು ಬಂದಿದ್ದರೆ ಅಥವಾ ಹುದುಗು ವಾಸನೆಯಿದ್ದರೆ, ಮೇಲ್ಭಾಗವನ್ನಷ್ಟೇ ತೆಗೆದು ಉಳಿದುದನ್ನು ತಿನ್ನುವುದು ಅಪಾಯಕರ. ಇಡೀ ಶೀಶೆಯನ್ನೇ ಚೆಲ್ಲಿಬಿಡಿ.

ಜಾಮ್ ರುಚಿಗಾಗಿ ಮಾತ್ರ. ಅದು ಹಣ್ಣಿಗೆ ಬದಲಲ್ಲ. ಚಪಾತಿಗೋ ದೋಸೆಗೋ ಒಂದು ಚಮಚ ಸವರಿದರೆ ಸಾಕು. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲೊಂದೇ ಆಹಾರ. ಎರಡು ವರ್ಷ ತುಂಬುವವರೆಗೆ ಜಾಮ್ ಮುಂತಾದ ಸಕ್ಕರೆ ಪದಾರ್ಥಗಳು ಬೇಡ. ಕಿವುಚಿದ ಹಣ್ಣನ್ನೇ ಕೊಡಿ. ಸಕ್ಕರೆ ಕಾಯಿಲೆಯಿರುವವರು ಜಾಮ್ ತಿನ್ನಬಾರದು. ಮಕ್ಕಳು ತಿಂದ ಬಳಿಕ ಬಾಯಿ ಮುಕ್ಕಳಿಸುವ ಅಭ್ಯಾಸ ಮಾಡಿಸಿ.

ಹಿತ್ತಲಿನ ಮರವು ಇಡೀ ಮನೆಯ ಸೊತ್ತು. ಅದರ ಮೊದಲ ಹಣ್ಣು ಮನೆಯಲ್ಲಿ ಯಾರಿಗೆ ಹೆಚ್ಚು ಅವಶ್ಯಕವೋ ಅವರ ಕೈ ಸೇರಲಿ. ಕಡೆಯ ಹಣ್ಣು ಶೀಶೆ ಸೇರಲಿ.