ಹುಲ್ಲು ಸ್ಪಷ್ಟ, ರಾಜಹಂಸ ಮಸುಕು

ಪ್ರಶ್ನೆ: ನೆರೂಳಿನ ಡಿಪಿಎಸ್ ಕೆರೆಯ ದಂಡೆಯಲ್ಲಿ ನಿಂತು ರಾಜಹಂಸಗಳ ಫೋಟೊ ತೆಗೆದೆ. ಎದುರಿನ ಹುಲ್ಲೆಲ್ಲ ಸ್ಪಷ್ಟವಾಗಿ ಬಂದಿದೆ, ಹಕ್ಕಿಗಳು ಮಾತ್ರ ಮಸುಕು. ನನ್ನದು ಜೇಬಿನಲ್ಲಿ ಹಿಡಿಸುವ ಹಳೆಯ ಡಿಜಿಟಲ್ ಕ್ಯಾಮೆರಾ. ಹೊಸದು ಕೊಳ್ಳಲೇಬೇಕೆ?
– ಓದುಗರು, ಡೊಂಬಿವಲಿ

ಉತ್ತರ: ಬೇಡ. ಹುಲ್ಲು ಅಷ್ಟು ಸ್ಪಷ್ಟವಾಗಿ ಬಂದಿದೆ ಎಂದಮೇಲೆ ನಿಮ್ಮ ಲೆನ್ಸ್ ಚೆನ್ನಾಗಿಯೇ ಇದೆ. ಫೋಕಸ್ ಹಕ್ಕಿಯ ಮೇಲೆ ಕೂರುವ ಬದಲು ಹುಲ್ಲಿನ ಮೇಲೆ ಕೂತಿದೆ, ಅಷ್ಟೇ.

ಇಂಥ ಕ್ಯಾಮೆರಾ ಲೆನ್ಸನ್ನು ಹಿಂದೆ ಮುಂದೆ ಸರಿಸುತ್ತ, ಬೆಳಕು–ನೆರಳಿನ ಅಂಚು ಎಲ್ಲಿ ಅತಿ ಚೂಪಾಗಿ ಕಾಣುತ್ತದೋ ಅಲ್ಲಿ ನಿಲ್ಲುತ್ತದೆ. ಹುಲ್ಲಿನ ಎಸಳುಗಳಲ್ಲಿ ಅಂಥ ಅಂಚು ಬೇಕಾದಷ್ಟಿದೆ. ಬೂದು ನೀರಿನ ನಡುವೆ ನಿಂತ ತಿಳಿಗುಲಾಬಿ ಹಕ್ಕಿಯಲ್ಲಿ ಅದು ಕಡಿಮೆ. ಸಾಲದ್ದಕ್ಕೆ, ಫೋಕಸ್ ಜಾಗವನ್ನು ತಾನೇ ಆರಿಸುವಂತೆ ಬಿಟ್ಟರೆ ಕ್ಯಾಮೆರಾ ಸಾಮಾನ್ಯವಾಗಿ ಹತ್ತಿರದ್ದನ್ನೇ ಹಿಡಿಯುತ್ತದೆ.

ಆದ್ದರಿಂದ ಮೊದಲು ಮೆನುವಿನಲ್ಲಿ ಫೋಕಸ್ ಜಾಗವನ್ನು ‘ಸೆಂಟರ್’ ಮಾಡಿ. ಪರದೆಯ ನಡುವಿನ ಚೌಕವನ್ನು ಹಕ್ಕಿಗಳ ಮೇಲಿಟ್ಟು ಬಟನ್ನನ್ನು ಅರ್ಧ ಮಾತ್ರ ಒತ್ತಿ ಹಿಡಿಯಿರಿ. ನಯವಾದ ಬೆನ್ನಿಗಿಂತ ಕಾಲುಗಳ ಸಾಲಿನ ಮೇಲೆ ಇಟ್ಟರೆ ಒಳ್ಳೆಯದು, ಅಲ್ಲಿ ಅಂಚುಗಳಿವೆ. ಬೀಪ್ ಎಂದು ಚೌಕ ಹಸಿರಾದರೆ ಫೋಕಸ್ ಸಿಕ್ಕಿತು. ಬೆರಳು ಎತ್ತದೆ ಚಿತ್ರವನ್ನು ನಿಮಗೆ ಬೇಕಾದಂತೆ ಹೊಂದಿಸಿಕೊಂಡು ಪೂರ್ತಿ ಒತ್ತಿ. ಒಂದೇ ಸಲಕ್ಕೆ ಗಬಕ್ಕನೆ ಒತ್ತಿದರೆ ಹುಡುಕಾಟ, ಲೆಕ್ಕಾಚಾರ, ಚಿತ್ರ ಎಲ್ಲ ಆಮೇಲೆ ನಡೆಯಬೇಕು. ಅಷ್ಟರಲ್ಲಿ ಹಕ್ಕಿ ತಲೆ ತಿರುಗಿಸಿರುತ್ತದೆ, ನಿಮ್ಮ ಕೈಯೂ ಅಲುಗಿರುತ್ತದೆ.

ಚೌಕ ಹಸಿರಾಗದೆ ಮಿನುಗುತ್ತಿದ್ದರೆ ಹಟ ಮಾಡಬೇಡಿ. ಹೆಚ್ಚುಕಡಿಮೆ ಅಷ್ಟೇ ದೂರದ ಕಾಂಡ್ಲಾ ಗಿಡದ ಮೇಲೆ ಫೋಕಸ್ ಹಿಡಿದುಕೊಂಡು, ಅರ್ಧ ಒತ್ತಿದಂತೆಯೇ ಹಕ್ಕಿಗಳತ್ತ ತಿರುಗಿ. ನಿಮ್ಮಲ್ಲಿ ಬೆಟ್ಟದ ಗುರುತಿನ ಫೋಕಸ್ ಇದ್ದರೆ ಇನ್ನೂ ಸುಲಭ: ಅದು ನೇರ ದೂರಕ್ಕೇ ಹೋಗುತ್ತದೆ. ಹೂವಿನ ಗುರುತು ಮಾತ್ರ ಆನ್ ಇರಬಾರದು, ಅದು ಅಂಗೈ ದೂರದ ವಸ್ತುಗಳಿಗೆ.

ಝೂಮ್ ಪೂರ್ತಿ ಎಳೆದಷ್ಟೂ ಸ್ಪಷ್ಟವಾಗಿ ಬರುವ ಆಳ ಕುಗ್ಗುತ್ತದೆ, ಕೈನಡುಕ ಹಿಗ್ಗುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ಡಿಜಿಟಲ್ ಝೂಮನ್ನು ಮುಚ್ಚಿಬಿಡಿ. ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆಯೇ ಹೊರತು ಹಕ್ಕಿಯನ್ನು ಹತ್ತಿರ ತರುವುದಿಲ್ಲ.

ಹೊತ್ತನ್ನೂ ನೋಡಿಕೊಳ್ಳಿ. ಉಬ್ಬರದಲ್ಲಿ ಠಾಣೆ ಖಾಡಿಯ ಕೆಸರು ಮುಳುಗಿದಾಗಲೇ ಹಕ್ಕಿಗಳು ನೆರೂಳಿನ ಕೆರೆಗಳಿಗೆ ಬಂದು ನಿಲ್ಲುವುದು. ಹಾಗಾಗಿ ಹೊರಡುವ ಮೊದಲು ಉಬ್ಬರ–ಇಳಿತದ ವೇಳಾಪಟ್ಟಿ ನೋಡಿ. ಖಾಡಿಯೊಳಗೇ ಹೋಗಬೇಕೆಂದರೆ ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ದೋಣಿ ಉಂಟು. ಈ ಖಾಡಿ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿ ಅಲುಗುವುದರಿಂದ ಅಲ್ಲಿ ಓಡುವ ಮನುಷ್ಯನ ಗುರುತಿನ ಮೋಡ್ ಇಟ್ಟುಕೊಳ್ಳಿ. ಹಾರುವ ಚಿತ್ರ ಸಿಗಲೆಂದು ಕೂಗುವುದು, ಚಪ್ಪಾಳೆ ತಟ್ಟುವುದು ದಯವಿಟ್ಟು ಬೇಡ; ಅವು ಹೊಟ್ಟೆ ತುಂಬಿಸಿಕೊಳ್ಳಲು, ಕಾಲೂರಿ ದಣಿವಾರಿಸಿಕೊಳ್ಳಲು ಬಂದಿರುತ್ತವೆ.

ಅಭ್ಯಾಸಕ್ಕೆ ಮನೆಯ ಕಿಟಕಿ ಸಾಕು. ಗ್ರಿಲ್‌ನಿಂದ ಎರಡು ಹೆಜ್ಜೆ ಹಿಂದೆ ನಿಂತು, ಝೂಮ್ ಎಳೆದು, ಮೊದಲು ಗ್ರಿಲ್ ಕಂಬಿಗೆ ಫೋಕಸ್ ಮಾಡಿ. ಆಮೇಲೆ ಕಂಬಿಗಳ ಸಂದಿಯಿಂದ ಎದುರು ಕಟ್ಟಡದಲ್ಲಿ ಒಣಹಾಕಿದ ಸೀರೆಯ ಅಂಚಿಗೆ ಮಾಡಿ. ಎರಡೂ ಚಿತ್ರಗಳನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಬೇಕೆಂದಾಗ ಕಂಬಿ, ಬೇಕೆಂದಾಗ ಸೀರೆ ಸ್ಪಷ್ಟವಾಗಿ ಬರತೊಡಗಿದ ಮೇಲೆ ನೆರೂಳಿಗೆ ಹೊರಡಿ.